ಮೈರಾವಣನ ಸಂಚು

ಯುದ್ಧ ಕೈಮೀರಿದ ಮೇಲೆ ರಾವಣನಿಗೆ ನೆಲದ ಕೆಳಗಿನ ನೆಂಟ ನೆನಪಾಗುತ್ತಾನೆ. ಕುಂಭಕರ್ಣ ಹೋದ, ಇಂದ್ರಜಿತು ಹೋದ, ಲಂಕೆಯ ಮನೆಮನೆಯಲ್ಲೂ ಸೂತಕ. ಆಗ ಪಾತಾಳದ ಒಡೆಯ ಮೈರಾವಣನಿಗೆ ಕರೆ ಹೋಗುತ್ತದೆ. ಅವನು ದಂಡು ಕಟ್ಟಿಕೊಂಡು ಬರುವುದಿಲ್ಲ, ರಥ ಏರಿ ಬರುವುದಿಲ್ಲ. ರಾಮ ಲಕ್ಷ್ಮಣರು ಕಣ್ಣುಮುಚ್ಚಿದ ಹೊತ್ತು ನೋಡಿ, ಇಬ್ಬರನ್ನೂ ಈ ಲೋಕದಿಂದಲೇ ಎತ್ತಿ ತನ್ನ ಲೋಕಕ್ಕೆ ಸಾಗಿಸಿ, ಅಲ್ಲಿ ಕಾಳಿಗೆ ಬಲಿ ಕೊಡುವುದು ಅವನ ಲೆಕ್ಕ. ಯುದ್ಧ ಗೆಲ್ಲುವ ಗೋಜಿಗೇ ಅವನು ಹೋಗುವುದಿಲ್ಲ. ಬೆಳಗಾಗುವಷ್ಟರಲ್ಲಿ ರಣರಂಗದಲ್ಲಿ ನಾಯಕನೇ ಇರಬಾರದು, ಅಷ್ಟೆ.

ಇವತ್ತು ಬಹುಲೋಕದ ಖಳನಾಯಕರೆಂದರೆ ಮಕ್ಕಳಿಗೆ ಅಮೆರಿಕದ ಕಾಮಿಕ್ಸು, ಅದರಿಂದ ಹುಟ್ಟಿದ ಸಿನಿಮಾ ಮಾತ್ರ ನೆನಪಾಗುತ್ತದೆ. ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಬಾಗಿಲು ಕೊರೆಯುವವನು, ಸಾವಿರ ಲೋಕಗಳಲ್ಲಿರುವ ಒಬ್ಬನೇ ವೀರನನ್ನು ಬೇಟೆಯಾಡುವವನು, ಎಲ್ಲ ಲೋಕಗಳನ್ನೂ ನುಂಗಿ ತಾನೊಬ್ಬನೇ ಉಳಿಯಲು ಹೊರಟವನು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲಿ ಕೆಲವರು ನಿಜಕ್ಕೂ ಚೆನ್ನಾಗಿ ಕಟ್ಟಿದ ಪಾತ್ರಗಳು. ಆದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ, ರಾತ್ರಿಯಿಡೀ ಕೂತು ನೋಡುವ ಆಟಗಳಲ್ಲಿ, ಗೊಂಬೆಯವರ ಪರದೆಯ ಮೇಲೆ, ಒಂದು ಗುಡ್ಡದ ಬಂಡೆಯ ಮೇಲೂ ಅವರಿಗಿಂತ ಗಟ್ಟಿಯಾದ ಸಂಚುಗಾರನೊಬ್ಬ ನಿಂತಿದ್ದಾನೆ. ಅವನ ಸಂಚನ್ನು ಬಿಡಿಸಿ ನೋಡಿದರೆ ಕಥೆ ಕಟ್ಟುವ ಜಾಣ್ಮೆ ಎಷ್ಟಿತ್ತೆಂದು ತಿಳಿಯುತ್ತದೆ.

ಮೈರಾವಣ ವಾಲ್ಮೀಕಿಯ ರಾಮಾಯಣದಲ್ಲಿಲ್ಲ. ಜೈಮಿನಿಯ ಹೆಸರಿನಲ್ಲಿ ಸಂಸ್ಕೃತದಲ್ಲಿ ಅವನ ಚರಿತೆಯೊಂದಿದೆ. ಬಂಗಾಳದ ಕೃತ್ತಿವಾಸ ರಾಮಾಯಣದಲ್ಲಿ ಅವನು ಮಹೀರಾವಣ, ತಮಿಳರಿಗೆ ಮಯಿಲಿರಾವಣ. ಕನ್ನಡದಲ್ಲಿ ಐರಾವಣ, ಮೈರಾವಣ ಎರಡೂ ಹೆಸರು ಓಡಾಡುತ್ತವೆ. ತೊರವೆ ರಾಮಾಯಣದ ಕುಮಾರವಾಲ್ಮೀಕಿಯ ಹೆಸರಿನಲ್ಲೂ ಒಂದು ಐರಾವಣನ ಕಾಳಗ ನಿಂತಿದೆ. ಕರಾವಳಿಯ ಯಕ್ಷಗಾನಕ್ಕೂ ಬಯಲುಸೀಮೆಯ ದೊಡ್ಡಾಟಕ್ಕೂ ಅವನು ಬೇಕಾದವನು. ಪುಸ್ತಕದಿಂದ ಜನರ ಬಾಯಿಗೆ, ಬಾಯಿಂದ ಮತ್ತೆ ಕೈಬರಹದ ಪ್ರತಿಗೆ ಹೀಗೆ ತಿರುಗಾಡಿದ್ದರಿಂದ ಒಂದೊಂದು ಊರಿನ ಪಾಠ ಒಂದೊಂದು ಥರ. ನಾನು ಮುಂದೆ ಹೇಳುವುದೂ ಹಾಗೆ ಹತ್ತು ಕಡೆಯ ಎಳೆ ಸೇರಿಸಿದ್ದು.

ರಾಯಚೂರು ತಾಲ್ಲೂಕಿನ ಗಾಣಧಾಳಕ್ಕೆ ಹೋದವರಿಗೆ ಈ ಕಥೆಯ ಕೊನೆಯ ದೃಶ್ಯ ಗೊತ್ತೇ ಇರುತ್ತದೆ. ಮಂತ್ರಾಲಯಕ್ಕೆ ಹೋದ ಭಕ್ತರು ತುಂಗಭದ್ರೆಯ ಈ ದಂಡೆಗೆ ಬಂದು ಪಂಚಮುಖಿ ಆಂಜನೇಯನ ದರ್ಶನ ಮಾಡಿಯೇ ಊರಿಗೆ ಮರಳುವುದು ರೂಢಿ. ರಾಘವೇಂದ್ರ ಸ್ವಾಮಿಗಳು ಹನ್ನೆರಡು ವರ್ಷ ಇಲ್ಲಿ ತಪಸ್ಸು ಮಾಡಿದರೆಂದು ಭಕ್ತರು ನಂಬುತ್ತಾರೆ. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡ, ಬಂಡೆಯಲ್ಲೇ ಮೂಡಿದ ದೇವರು. ಆಂಜನೇಯನಿಗೆಂದು ಹೊಲಿಸಿಟ್ಟ ದೊಡ್ಡ ಪಾದರಕ್ಷೆಗಳನ್ನು ಇಲ್ಲಿ ಕಾಣಬಹುದು. ರಾತ್ರಿ ಅವನು ಅವನ್ನು ಮೆಟ್ಟಿಕೊಂಡು ಸಂಚಾರ ಹೋಗುತ್ತಾನೆ ಎಂದು ಜನ ಹೇಳುತ್ತಾರೆ. ಆಂಜನೇಯನಿಗೆ ಐದು ಮುಖ ಬಂದದ್ದೇಕೆ ಎಂದು ಕೇಳಿದರೆ ಸಿಗುವ ಉತ್ತರ ಮೈರಾವಣ.

ಬಾಲದ ಕೋಟೆ

ಸಂಚಿನ ಮೊದಲ ಅಡ್ಡಿ ಹನುಮಂತ. ಮೈರಾವಣ ಬರುವ ಸುಳಿವು ವಿಭೀಷಣನಿಗೆ ಸಿಕ್ಕಿದೆ. ಹನುಮಂತ ತನ್ನ ಬಾಲವನ್ನೇ ಬೆಳೆಸಿ, ಸುರುಳಿ ಸುತ್ತಿ, ಇಡೀ ಪಾಳೆಯಕ್ಕೆ ಕೋಟೆ ಕಟ್ಟುತ್ತಾನೆ. ಒಳಗೆ ಹೋಗಬೇಕೆಂದರೆ ಅವನನ್ನು ಕೇಳಿಯೇ ಹೋಗಬೇಕು. ಈ ಕೋಟೆಯನ್ನು ಬಲದಿಂದ ಒಡೆಯಲಾಗುವುದಿಲ್ಲವೆಂದು ಮೈರಾವಣನಿಗೆ ಗೊತ್ತು. ಅವನು ವಿಭೀಷಣನ ವೇಷ ಹಾಕುತ್ತಾನೆ.

ಸುಗ್ರೀವನ ವೇಷ ಹಾಕಬಹುದಿತ್ತು, ಜಾಂಬವಂತನ ವೇಷ ಹಾಕಬಹುದಿತ್ತು. ವಿಭೀಷಣನೇ ಏಕೆ? ಆ ಪಾಳೆಯದಲ್ಲಿ ಶತ್ರುವಿನ ಮನೆಯಿಂದ ಬಂದವನು ವಿಭೀಷಣನೊಬ್ಬನೇ. ಅವನನ್ನು ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂದು ಹಿಂದೆ ದೊಡ್ಡ ಚರ್ಚೆಯೇ ಆಗಿತ್ತು. ಶರಣು ಬಂದವನನ್ನು ಕೈಬಿಡುವುದಿಲ್ಲವೆಂದು ರಾಮ ಹೇಳಿದ್ದರಿಂದ ಅವನು ಒಳಗಿದ್ದಾನೆ. ಮೈರಾವಣ ಆ ನಂಬಿಕೆಗೇ ಕೈ ಹಾಕುತ್ತಾನೆ. ರಾಮ ಲಕ್ಷ್ಮಣರು ಮಾಯವಾದ ಮೇಲೆ ಹನುಮಂತನ ಬಾಯಿಂದ ಬರುವ ಮಾತೇನು? ಕಡೆಯದಾಗಿ ಒಳಗೆ ಹೋದವನು ವಿಭೀಷಣ. ರಾಮ ಬದುಕಿ ಬಂದರೂ, ಬಾರದಿದ್ದರೂ, ಆ ಪಾಳೆಯದಲ್ಲಿ ವಿಭೀಷಣನ ತಲೆ ಉಳಿಯಬಾರದು. ಒಂದು ವೇಷದಲ್ಲಿ ಎರಡು ಕೊಲೆ. ಖಳನೊಬ್ಬನ ಬುದ್ಧಿಯನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ದೃಶ್ಯಗಳು ಅಪರೂಪ.

ಇದನ್ನು ದೊಡ್ಡಾಟದ ಅಟ್ಟದ ಮೇಲೆ ನೋಡಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಬಯಲಾಟದಲ್ಲಿ ರಾಕ್ಷಸ ಪಾತ್ರ ಊರಿನ ಗಟ್ಟಿ ದನಿಯವನಿಗೇ ಸಿಗುತ್ತದೆ. ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕೈಯಲ್ಲಿ ಕತ್ತಿ. ಮದ್ದಲೆಯ ಪೆಟ್ಟಿಗೆ ಹಲಗೆ ಅದುರುವಂತೆ ಹೆಜ್ಜೆ ಹಾಕಿ ಬಂದು ನಿಂತ ಮೇಲೆ, ತಾವು ಯಾರು, ಎಲ್ಲಿಯವರು, ಏನು ಕಾರಣಕ್ಕೆ ಬಂದಿರಿ ಎಂದು ಸಾರಥಿ ಕೇಳುತ್ತಾನೆ. ರಾಕ್ಷಸ ತನ್ನ ಹೆಸರು, ಊರು, ಪರಾಕ್ರಮ ಎಲ್ಲವನ್ನೂ ತಾನೇ ಹೇಳಬೇಕು. ಅಮೆರಿಕದ ಕಾಮಿಕ್ಸಿನ ಖಳ ನಾಯಕನನ್ನು ಕಟ್ಟಿಹಾಕಿ ತನ್ನ ಯೋಜನೆಯನ್ನು ಉದ್ದಕ್ಕೆ ಹೇಳುತ್ತಾನಲ್ಲ, ಆ ಕೆಲಸವನ್ನು ಇಲ್ಲಿ ಸಾರಥಿಯ ಒಂದು ಪ್ರಶ್ನೆ ಮಾಡಿಸುತ್ತದೆ. ಅದೂ ನಾಯಕನಿಗಲ್ಲ, ನೆಲದ ಮೇಲೆ ಕೂತ ನಮಗೆ. ಸಂಚು ನಮಗೆ ಗೊತ್ತು, ನಿದ್ದೆಯಲ್ಲಿರುವ ರಾಮನಿಗೆ ಗೊತ್ತಿಲ್ಲ. ನಡುರಾತ್ರಿ ಮೀರಿದ ಮೇಲೂ ಹೆಂಗಸರು ಮಕ್ಕಳು ಕೂತಲ್ಲಿಂದ ಏಳದಿರುವುದು ಇದಕ್ಕೇ.

ಕಾಣೆಯಾದ ರಾಮ ಲಕ್ಷ್ಮಣರನ್ನು ಹುಡುಕಿಕೊಂಡು ಹನುಮಂತ ಪಾತಾಳಕ್ಕೆ ಹೋಗುವ ದೃಶ್ಯಕ್ಕೆ ಅಟ್ಟದ ಮೇಲೆ ಏನೂ ಇರುವುದಿಲ್ಲ. ಪರದೆ ಬದಲಾಗುವುದಿಲ್ಲ, ದೀಪ ಆರುವುದಿಲ್ಲ. ಪಾತ್ರಧಾರಿ ಕುಣಿಯುತ್ತ ಅಟ್ಟಕ್ಕೆ ಒಂದು ಸುತ್ತು ಬಂದು ನಿಲ್ಲುತ್ತಾನೆ, ಪಾತಾಳ ಬಂತೆಂದು ಮಾತಿನಲ್ಲಿ ಹೇಳುತ್ತಾನೆ. ಬಂತೆಂದರೆ ಬಂತು. ತೊಗಲುಗೊಂಬೆಯವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಒಂದೇ ಪಾತ್ರಕ್ಕೆ ಸಣ್ಣದು, ದೊಡ್ಡದು ಎಂದು ಬೇರೆ ಬೇರೆ ಗೊಂಬೆಗಳಿರುತ್ತವೆ. ಪಾತಾಳದ ದಾರಿಯಾದ ತಾವರೆಯ ದಂಟಿನೊಳಗೆ ಹನುಮಂತ ಇಳಿಯುವಾಗ ಅಂಗೈಯಗಲದ ಗೊಂಬೆ, ಪಾತಾಳದಲ್ಲಿ ಬೆಳೆದು ನಿಂತಾಗ ಪರದೆ ತುಂಬುವ ಗೊಂಬೆ. ಬಣ್ಣದ ತೊಗಲಿನ ತೂತುಗಳಿಂದ ಬೆಳಕು ಸೋರುತ್ತ ಆಕೃತಿ ಹಿಗ್ಗುವುದನ್ನು ಕಂಡ ಮಗುವಿಗೆ ಲೋಕಗಳ ನಡುವೆ ದಾರಿಯಿದೆ ಎಂದು ಬೇರೆ ಹೇಳಿಕೊಡಬೇಕಿಲ್ಲ. ಈ ಕಲೆಯನ್ನು ಬದುಕಿಡೀ ಹೊತ್ತ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಹಿರಿಯಜ್ಜಿ. ಮೋರನಾಳ ಈಗ ಕೊಪ್ಪಳ ಜಿಲ್ಲೆಯಲ್ಲಿದೆ. 1997ರವರೆಗೆ ಕೊಪ್ಪಳ ರಾಯಚೂರು ಜಿಲ್ಲೆಯೊಳಗೇ ಇತ್ತು.

ಬಾಗಿಲಲ್ಲಿ ಮಗ, ಬಾವಿಯ ಬಳಿ ತಂಗಿ

ಪಾತಾಳದ ಬಾಗಿಲಲ್ಲಿ ಹನುಮಂತನನ್ನು ತಡೆಯುವವನು ಒಬ್ಬ ಹುಡುಗ. ಮುಖ ಇವನದೇ, ಕಸುವು ಇವನದೇ. ಲಂಕೆ ಸುಟ್ಟು ಸಮುದ್ರದ ಮೇಲೆ ಹಾರುವಾಗ ಹನುಮಂತನ ಮೈಯಿಂದ ಬಿದ್ದ ಬೆವರ ಹನಿಯನ್ನು ಮೀನೊಂದು ನುಂಗಿತ್ತಂತೆ. ಅದರ ಹೊಟ್ಟೆಯಲ್ಲಿ ಹುಟ್ಟಿದವನು ಇವನು. ಮಕರಧ್ವಜನೆಂದು ಕೆಲವು ಕಡೆ, ಮತ್ಸ್ಯನ ಹೆಸರು ಸೇರಿಸಿ ಇನ್ನು ಕೆಲವು ಕಡೆ. ಬ್ರಹ್ಮಚಾರಿಗೆ ಮಗನೇ ಎಂದು ಹನುಮಂತ ಬೆರಗಾಗುತ್ತಾನೆ. ತಂದೆಯೆಂದು ಗೊತ್ತಾದ ಮೇಲೂ ಹುಡುಗ ಬಾಗಿಲು ಬಿಡುವುದಿಲ್ಲ. ಉಂಡ ಮನೆಯ ಉಪ್ಪಿನ ಋಣ ದೊಡ್ಡದು, ನಿನಗೆ ಬೇಕಾದರೆ ನನ್ನನ್ನು ಗೆದ್ದು ಹೋಗು ಎನ್ನುತ್ತಾನೆ. ಖಳನ ಕಾವಲುಗಾರನಿಗೂ ಇಷ್ಟು ಮರ್ಯಾದೆ ಕೊಟ್ಟ ಕಥೆ ಇದು.

ಒಳಗಿನ ದಾರಿ ತೋರಿಸುವವಳು ಮೈರಾವಣನ ತಂಗಿ ದುರ್ದಂಡಿ. ಅವಳ ಮಗ ನೀಲಮೇಘನೇ ಮುಂದೆ ಪಾತಾಳಕ್ಕೆ ಅರಸನಾಗುತ್ತಾನೆಂದು ತಿಳಿದು ಅಣ್ಣನು ತಾಯಿ ಮಗ ಇಬ್ಬರನ್ನೂ ಸೆರೆಯಲ್ಲಿಟ್ಟಿದ್ದಾನೆ. ಬಲಿಯ ದಿನ ನೀರು ಹೊರಲು ಮಾತ್ರ ಅವಳಿಗೆ ಬಿಡುಗಡೆ. ಕೊಡ ಹಿಡಿದು ಅಳುತ್ತಿದ್ದವಳ ಮಾತು ಹನುಮಂತನ ಕಿವಿಗೆ ಬೀಳುತ್ತದೆ. ನಿನ್ನ ಮಗನ ತಲೆ ಕಾಯುತ್ತೇನೆ, ನನ್ನನ್ನು ಒಳಗೆ ಒಯ್ಯಿ ಎಂದು ಅವನು ಕೇಳುತ್ತಾನೆ. ಅವಳ ಕೊಡದಲ್ಲಿ ಅಡಗಿ ಕೋಟೆ ಹೊಗುತ್ತಾನೆ. ಹೊಸ್ತಿಲಲ್ಲಿ ಬಂದವರನ್ನೆಲ್ಲ ತೂಗುವ ತಕ್ಕಡಿ ಇತ್ತೆಂದೂ, ಅವಳು ಹತ್ತಿದೊಡನೆ ಅದು ಮುರಿಯಿತೆಂದೂ ಕೆಲವರು ಹೇಳುವುದುಂಟು. ಮೈರಾವಣನ ಪ್ರಾಣ ಅವನ ಮೈಯಲ್ಲಿಲ್ಲ ಎಂಬ ಗುಟ್ಟನ್ನು ಬಿಟ್ಟುಕೊಡುವವಳೂ ಅವಳೇ. ಒಂದು ಪಾಠದಲ್ಲಿ ಅದು ದುಂಬಿಗಳಲ್ಲಿದೆ. ಇನ್ನೊಂದರಲ್ಲಿ ಐದು ದಿಕ್ಕಿಗೆ ಉರಿಯುವ ಐದು ದೀಪಗಳಲ್ಲಿದೆ, ಐದನ್ನೂ ಒಂದೇ ಉಸಿರಿಗೆ ಆರಿಸಬೇಕು. ಹನುಮಂತ ಐದು ಮುಖ ತಾಳುವುದು ಆಗಲೇ: ತನ್ನದು, ನರಸಿಂಹನದು, ಗರುಡನದು, ವರಾಹನದು, ಮೇಲಕ್ಕೆ ನೋಡುವ ಹಯಗ್ರೀವನದು. ದೀಪ ಆರುತ್ತವೆ, ಮೈರಾವಣ ಬೀಳುತ್ತಾನೆ, ನೀಲಮೇಘನಿಗೆ ಪಟ್ಟ ಕಟ್ಟುತ್ತಾರೆ.

ಲೋಕಗಳ ನಡುವೆ ಬಾಗಿಲು ತೆರೆಯಬಲ್ಲವನು ತನ್ನ ಮನೆಯ ಬಾಗಿಲೊಳಗೆ ಸೋತ. ಹನುಮಂತನ ಬಲ ಕೊನೆಯ ಕೆಲಸಕ್ಕೆ ಬಂತು, ಆ ಬಲ ಎಲ್ಲಿ ಬೀಳಬೇಕೆಂದು ಹೇಳಿದ್ದು ಸೆರೆಯಲ್ಲಿದ್ದ ತಂಗಿ. ಮೈರಾವಣನ ಕಥೆಯನ್ನು ನಾನು ಬಹುಲೋಕದ ಕಾಮಿಕ್ಸುಗಳ ಮೇಲೆ ಇಡುವುದು ಈ ಕಾರಣಕ್ಕೆ.

ಆ ಕಾಮಿಕ್ಸುಗಳ ಚರಿತ್ರೆ ಚಿಕ್ಕದು. 1961ರ ಸೆಪ್ಟೆಂಬರಿನಲ್ಲಿ ಡಿಸಿ ಸಂಸ್ಥೆಯ ‘ದಿ ಫ್ಲ್ಯಾಶ್’ 123ನೇ ಸಂಚಿಕೆಯಲ್ಲಿ ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್‌ಫ್ಯಾಂಟಿನೊ ಚಿತ್ರ ಬಿಡಿಸಿದ ಕಥೆಯಲ್ಲಿ, ಹೊಸ ಫ್ಲ್ಯಾಶ್ ಇನ್ನೊಂದು ಭೂಮಿಗೆ ಜಾರಿ ಹಳೆಯ ಫ್ಲ್ಯಾಶ್‌ನನ್ನು ಭೇಟಿಯಾದ. ಅಲ್ಲಿಂದ ಭೂಮಿಗಳು ಹೆಚ್ಚುತ್ತ ಹೋದವು. 1985ರಲ್ಲಿ ಅವನ್ನೆಲ್ಲ ಒಂದುಗೂಡಿಸಲೆಂದೇ ಮಾರ್ವ್ ವೂಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಹನ್ನೆರಡು ಸಂಚಿಕೆಗಳ ದೊಡ್ಡ ಕಥೆ ಮಾಡಿದರು. ಆಂಟಿ-ಮಾನಿಟರ್ ಎಂಬ ಖಳ ಪ್ರತಿದ್ರವ್ಯದ ಅಲೆ ಎಬ್ಬಿಸಿ ಒಂದಾದ ಮೇಲೊಂದು ವಿಶ್ವವನ್ನು ಅಳಿಸುತ್ತಾನೆ. ಪೆರೆಜ್ ಪುಟಗಳಲ್ಲಿ ಬಿಡಿಸಿದ ಗುಂಪುಗಳನ್ನು ಇವತ್ತಿಗೂ ಕಲಾವಿದರು ತೆರೆದು ನೋಡುತ್ತಾರೆ, ಅಷ್ಟು ಶ್ರಮದ ಕೆಲಸ. ಆದರೆ ಎಷ್ಟನೆಯದೋ ವಿಶ್ವ ಅಳಿಯುವ ಹೊತ್ತಿಗೆ ಓದುಗನ ಎದೆ ನಡುಗುವುದು ನಿಂತಿರುತ್ತದೆ. ಮಲಗಿದ ಇಬ್ಬರು ಅಣ್ಣತಮ್ಮಂದಿರು ಕಾಣೆಯಾದಾಗ ಹುಟ್ಟುವ ಭಯ ಅಲ್ಲಿ ಹುಟ್ಟುವುದಿಲ್ಲ.

ಮಾನ್ವಿಯ ದಾಸರು ಬರೆದ ದೈತ್ಯರ ಪಟ್ಟಿ

ಖಳರನ್ನು ಸಾಲಾಗಿ ನಿಲ್ಲಿಸಿ ಯಾರು ಎಷ್ಟು ಕೆಟ್ಟವರೆಂದು ಲೆಕ್ಕ ಹಾಕಿದ ಕವಿಯೂ ರಾಯಚೂರು ಜಿಲ್ಲೆಯವರೇ. ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆನಿಂತ ಜಗನ್ನಾಥದಾಸರು (1728–1809) ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದರು. ಅದರ ಸಂಧಿಗಳಲ್ಲಿ ಒಂದು ದೈತ್ಯ ತಾರತಮ್ಯ ಸಂಧಿ. ದೇವತೆಗಳಿಗೆ ಮೇಲಿಂದ ಕೆಳಕ್ಕೆ ಮೆಟ್ಟಿಲಿರುವಂತೆ ದೈತ್ಯರಿಗೂ ಇದೆ, ಎಲ್ಲರಿಗಿಂತ ಕೆಟ್ಟವನು ಕಲಿ. ಮಾಧ್ವ ಸಿದ್ಧಾಂತದಲ್ಲಿ ಆ ಕಲಿಯೇ ದುರ್ಯೋಧನನಾಗಿ ಬರುತ್ತಾನೆ. ಕಾಲನೇಮಿ ಕಂಸನಾಗುತ್ತಾನೆ, ವಿಪ್ರಚಿತ್ತಿ ಜರಾಸಂಧನಾಗುತ್ತಾನೆ. ಒಂದೇ ಖಳ ಯುಗದಿಂದ ಯುಗಕ್ಕೆ ಹೆಸರು ಬದಲಿಸಿಕೊಂಡು ಬಂದು ಅದೇ ಹಗೆ ಮುಂದುವರಿಸುತ್ತಾನೆ. ದಾಸರಿಗೆ ಇದು ರಂಜನೆಯ ವಿಷಯವಾಗಿರಲಿಲ್ಲ, ತತ್ತ್ವದ ವಿಷಯ. ಆದರೂ ಎರಡು ಶತಮಾನದ ಹಿಂದೆ ಮಾನ್ವಿಯಲ್ಲಿ ಕೂತು ಒಬ್ಬರು ಬ್ರಹ್ಮಾಂಡದ ಖಳರನ್ನೆಲ್ಲ ಪದ್ಯದಲ್ಲಿ ಹಿಡಿದಿಟ್ಟರೆಂಬುದು ಕಾಮಿಕ್ಸ್ ಓದುವ ಹುಡುಗರಿಗೆ ತಿಳಿದಿರಬೇಕಾದ ಸಂಗತಿ.

ದಾಸರ ಬದುಕಿನ ಬಗ್ಗೆ ಇರುವ ಐತಿಹ್ಯವೊಂದು ಮೈರಾವಣನ ಕಥೆಗೆ ನೇರ ಎದುರಾಗಿ ನಿಲ್ಲುತ್ತದೆ. ಆಗ ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತ ಪಂಡಿತರು. ಚೀಕಲಪರವಿಯ ವಿಜಯದಾಸರನ್ನು ಕನ್ನಡದ ದಾಸರೆಂದು ಕಡೆಗಣಿಸಿದರು. ಹೊಟ್ಟೆನೋವು ಹತ್ತಿ ಪ್ರಾಣಕ್ಕೆ ಬಂತು. ಕೊನೆಗೆ ವಿಜಯದಾಸರ ಮಾತಿನಂತೆ ಅವರ ಶಿಷ್ಯ ಗೋಪಾಲದಾಸರ ಬಳಿ ಹೋದರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ತೆಗೆದು ಶ್ರೀನಿವಾಸಾಚಾರ್ಯರಿಗೆ ಕೊಟ್ಟರಂತೆ. ಗೋಪಾಲದಾಸರು 1762ರಲ್ಲಿ, ನಲವತ್ತೊಂದರ ವಯಸ್ಸಿಗೆ ತೀರಿಕೊಂಡರು. ಜಗನ್ನಾಥದಾಸರು ಎಂಬತ್ತು ದಾಟಿ ಬಾಳಿದರು. ಪಾತಾಳದ ಅರಸ ತನ್ನ ಪ್ರಾಣವನ್ನು ಯಾರ ಕೈಗೂ ಸಿಗದಂತೆ ಐದು ಕಡೆ ಬಚ್ಚಿಟ್ಟ. ಮೊಸರಕಲ್ಲಿನ ಗುರು ತನ್ನದನ್ನು ಎಣಿಸಿ ಇನ್ನೊಬ್ಬನಿಗೆ ಕೊಟ್ಟ. ಎರಡೂ ಕಥೆ ಒಂದೇ ಜಿಲ್ಲೆಯ ಜನರ ಬಾಯಲ್ಲಿ ಉಳಿದಿವೆ.

ಹಲವು ಲೋಕಗಳಲ್ಲಿ ಹಲವು ರಾಮರು ಎಂಬ ಕಲ್ಪನೆ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಮುನ್ನೂರು ರಾಮಾಯಣಗಳ ಬಗ್ಗೆ ಬರೆದ 1987ರ ಪ್ರಬಂಧವನ್ನು ಒಂದು ಜನಪದ ಕಥೆಯಿಂದ ಶುರುಮಾಡುತ್ತಾರೆ. ರಾಮನ ಉಂಗುರ ನೆಲದ ಬಿರುಕಿಗೆ ಬೀಳುತ್ತದೆ, ತರಲು ಹನುಮಂತ ಪಾತಾಳಕ್ಕೆ ಇಳಿಯುತ್ತಾನೆ. ಅಲ್ಲಿಯ ಭೂತಗಳ ಅರಸ ಒಂದು ತಟ್ಟೆ ತುಂಬ ಉಂಗುರ ತೋರಿಸಿ, ನಿನ್ನ ರಾಮನದು ಆರಿಸಿಕೋ ಎನ್ನುತ್ತಾನೆ. ಎಲ್ಲವೂ ರಾಮನ ಉಂಗುರಗಳೇ. ಒಬ್ಬೊಬ್ಬ ರಾಮನ ಅವತಾರ ಮುಗಿಯುವ ಹೊತ್ತಿಗೆ ಒಂದೊಂದು ಉಂಗುರ ಬೀಳುತ್ತದೆ. ಮೈರಾವಣನ ದಾರಿ ಹಿಡಿದು ಇಳಿದ ಅದೇ ಹನುಮಂತ, ಅದೇ ಪಾತಾಳ. ಶಾಸ್ತ್ರದಂತೆ ಪಾತಾಳ ಇದೇ ಬ್ರಹ್ಮಾಂಡದ ಹದಿನಾಲ್ಕು ಲೋಕಗಳಲ್ಲಿ ಒಂದು, ಸಮಾನಾಂತರ ವಿಶ್ವವಲ್ಲ ಎಂದು ಪಂಡಿತರು ಹೇಳಿದರೆ ಅದು ಸರಿ. ಕಥೆ ಹೇಳುವವರು ಮಾತ್ರ ಆ ಗೆರೆಯನ್ನು ಬಹಳ ಹಿಂದೆಯೇ ದಾಟಿದ್ದಾರೆ.

ಕಾಮಿಕ್ಸಿಗೂ ಕನ್ನಡ ನಾಡಿಗೂ ನಂಟು ಇಲ್ಲದಿಲ್ಲ. ಅಮರ ಚಿತ್ರಕಥೆಯ ಅನಂತ ಪೈ ಕಾರ್ಕಳದವರು. ಅದಕ್ಕೆ ಮುನ್ನುಡಿಯಂತೆ 1965ರಲ್ಲಿ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತರಿಸಿದವರು ಬೆಂಗಳೂರಿನ ಜಿ.ಕೆ. ಅನಂತರಾಮ್. 2004ರಲ್ಲಿ ಸ್ಪೈಡರ್‌ಮನ್‌ಗೆ ಭಾರತದ ರೂಪ ಕೊಟ್ಟಾಗ ಪವಿತ್ರ್ ಪ್ರಭಾಕರ್ ಎಂಬ ಹುಡುಗನನ್ನು ಧೋತಿ ಉಡಿಸಿ ಚಿತ್ರಿಸಿದವರು ಜೀವನ್ ಕಾಂಗ್. ಆ ಕಥೆಯ ಖಳ ನಲಿನ್ ಒಬೆರಾಯ್ ತಾಯಿತವೊಂದರ ಬಲದಿಂದ ರಾಕ್ಷಸನಾಗಿ, ರಾಕ್ಷಸರ ಲೋಕದಿಂದ ನಮ್ಮ ಲೋಕಕ್ಕೆ ದಾರಿ ತೆರೆಯಲು ನೋಡುತ್ತಾನೆ. ಅಮೆರಿಕದ ಖಳನನ್ನು ಭಾರತಕ್ಕೆ ತಂದಾಗ ಅವನು ತಾನಾಗಿಯೇ ಮೈರಾವಣನ ದಾರಿ ಹಿಡಿದ! 2023ರಲ್ಲಿ ಅದೇ ಪವಿತ್ರ್ ‘ಅಕ್ರಾಸ್ ದಿ ಸ್ಪೈಡರ್-ವರ್ಸ್’ ಸಿನಿಮಾದಲ್ಲಿ ಬಂದ. ಆ ಸಿನಿಮಾ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು, ಅವುಗಳಲ್ಲಿ ಕನ್ನಡವೂ ಒಂದು. ಅದರ ಖಳ ಸ್ಪಾಟ್‌ನ ಮೈತುಂಬ ತೂತು, ಒಂದೊಂದು ತೂತೂ ಇನ್ನೊಂದು ಲೋಕಕ್ಕೆ ಬಾಗಿಲು. ಮಕ್ಕಳು ಅದನ್ನು ನೋಡಲಿ, ನೋಡಬೇಕಾದ ಸಿನಿಮಾವೇ.

ಅದರ ಜೊತೆಗೆ ಆಗಬೇಕಾದ ಕೆಲಸ ಒಂದಿದೆ. ದೊಡ್ಡಾಟದ ಪ್ರಸಂಗಗಳು ಹೆಚ್ಚಾಗಿ ಆಟ ಕಲಿಸುವ ಮಾಸ್ತರರ ಮನೆಗಳಲ್ಲಿ, ನೋಟುಬುಕ್ಕುಗಳಲ್ಲಿ, ಕೈಬರಹದಲ್ಲಿ ಉಳಿದಿವೆ. ಹಾಡು ಯಾವ ತಾಳಕ್ಕೆ, ಮಾತು ಎಲ್ಲಿ ನಿಲ್ಲಬೇಕು, ಸಾರಥಿ ಏನು ಕೇಳಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಮಾಸ್ತರರು ತೀರಿಕೊಂಡರೆ ಆ ಪುಸ್ತಕ ಅಟ್ಟ ಸೇರುತ್ತದೆ, ಗೆದ್ದಲಿಗೆ ಹೋಗುತ್ತದೆ. ದೇವದುರ್ಗದಲ್ಲಾಗಲಿ, ಮಾನ್ವಿಯಲ್ಲಾಗಲಿ, ಸಿರವಾರ, ರಾಯಚೂರಿನ ಸುತ್ತಲಾಗಲಿ ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥ ಪ್ರತಿ ಇದ್ದರೆ ಮೊದಲು ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ, ಬಾಗಲಕೋಟೆಯ ಬಯಲಾಟ ಅಕಾಡೆಮಿಗೆ ತಿಳಿಸಿ. ರಾಯಚೂರಿನಲ್ಲಿ ಈಗ ವಾಲ್ಮೀಕಿಯ ಹೆಸರಿನ ವಿಶ್ವವಿದ್ಯಾಲಯವೇ ಇದೆ, ವಾಲ್ಮೀಕಿ ಬರೆಯದೆ ಬಿಟ್ಟ ಈ ಕಥೆಯನ್ನು ಅದು ಕೈಗೆತ್ತಿಕೊಳ್ಳಲಿ. ಚಿತ್ರ ಬಿಡಿಸುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಗಾಣಧಾಳಕ್ಕೆ ಕರೆದುಕೊಂಡು ಹೋಗಿ, ದುರ್ದಂಡಿಯ ಕಥೆ ಹೇಳಿ, ಕೈಗೆ ಹಾಳೆ ಕೊಡಿ.